ಕರಿಜಾಲಿ ಬಿಲ್ಲಿನ ಮೂರನೇ ದೋಷ

ತಡೀರಿ ತಡೀರಿ, ಬೆರಳು ಮ್ಯಾಲಕ್ಕ ಸರಸಬ್ಯಾಡ್ರಿ. ಇದು ಉದ್ದ ಐತಿ ಅಂತ ನಂಗೂ ಗೊತ್ತು. ಆದ್ರ ಒಂದು ಬಿಲ್ಲು, ಅದರ ತುದಿಗೆ ಬೆರಳುದ್ದ ಸೀಳು, ಆ ಸೀಳು ಕಾಣದಂಗ ನಾ ಸುತ್ತಿದ ಜೀನ್ಸ್ ದಾರ, ಆಮ್ಯಾಲ ಏಳೆಂಟು ಮಂದಿ ಮುಂದ ನಾ ಬಾಯಿ ಬಿಡಬೇಕೋ ಬ್ಯಾಡೋ ಅನ್ನೋ ಒಂದು ನಿಮಿಷ ಐತಲ್ಲ, ಅಲ್ಲೀತನಕ ಬರ್ರಿ. ನಡುವ ಎದ್ದು ಹೋದ್ರ ಬರೀ ಕಟ್ಟಿಗಿ ಕೆತ್ತಿದ ಕಥಿ ಆಗ್ತೈತಿ.

ಮೊನ್ನೆ ಸಿರುಗುಪ್ಪ ಬಸ್ ಸ್ಟ್ಯಾಂಡಿನಾಗ ಇಳಿದೆ. ಮಳಿ ಈಗಷ್ಟ ನಿಂತಿತ್ತು. ಯಾವುದೋ ಮಿಲ್ಲಿನಿಂದ ನೆಲ್ಲು ಬೇಯಿಸೋ ವಾಸನಿ ಬಂತು. ರೈಸ್ ಮಿಲ್ ಇರೋ ಊರಿನವರಿಗೆ ಹೇಳೋದು ಬ್ಯಾಡ. ಬ್ಯಾರೆದವರಿಗೆ ಹೇಳಬೇಕಂದ್ರ ಒದ್ದಿ ಗೋಣಿಚೀಲ, ಬಿಸಿ ಗಂಜಿ, ಸುಟ್ಟ ಹೊಟ್ಟು, ಮೂರೂ ಕೂಡಿದಂಗ ಇರ್ತೈತಿ. ಬಾಜು ನಿಂತಿದ್ದ ಹೆಂಗಸು "ಹಸಿವಾತು ನೋಡವ್ವಾ" ಅಂದ್ಲು. ನಂಗ ಹಸಿವಾಗಲಿಲ್ಲ. ಹೋದ ವರ್ಷದ ಮಳಿಗಾಲ ಪೂರ್ತಿ ಎದುರಿಗೆ ಬಂದು ನಿಂತಂಗಾತು. ಅದಕ್ಕ ಬರಿಯಾಕ ಕುಂತೀನಿ. ಮಾತಾಡಿದಂಗ ಟೈಪ್ ಮಾಡ್ತೀನಿ, ತಪ್ಪು ಇದ್ರ ನೀವ ತಿದ್ದಿ ಓದ್ಕೊಳ್ರಿ.

ನನ್ನ ಹೆಸರು ಹುಲಿಗೆಮ್ಮ. ಬಳ್ಳಾರಿಯಾಗ ಜೀನ್ಸ್ ಯೂನಿಟ್‌ನಾಗ ಕೆಲಸ. ಪ್ಯಾಂಟಿನ ಮ್ಯಾಲ ದಪ್ಪ ಕೇಸರಿ ಬಣ್ಣದ ಹೊಲಿಗಿ ಕಾಣ್ತೈತಲ್ಲ, ಅದನ್ನ ಹೊಡಿಯೋ ಮಷೀನು ನಂದು. ಮನಿಯಾಗ ನಾನು, ಅವ್ವ, ತಮ್ಮ ರಮೇಶ. ಬಡಗಿತನಕ್ಕೂ ನಮ್ಮ ಮನಿಗೂ ಏನೂ ಸಂಬಂಧ ಇಲ್ಲ. ಊಟದ ಬಿಡುವಿನಾಗ ಫೋನಿನಾಗ ಒಂದು ವಿಡಿಯೋ ಬಂತು, ಯಾವುದೋ ದೇಶದ ಮನಿಷ್ಯಾ ಒಂದು ಮಾತೂ ಆಡದಂಗ ಮರದ ಬೊಡ್ಡಿಯಿಂದ ಬಿಲ್ಲು ಮಾಡ್ತಾನ. ಅರ್ಧ ತಾಸು ಬಾಯಿ ತಕ್ಕೊಂಡು ನೋಡಿದೆ. ಸಂಜಿಕಿ ಇನ್ನೂ ನಾಕು ನೋಡಿದೆ. ವಾರದಾಗ ನನಗ ಎಲ್ಲಾ ಬರ್ತೈತಿ ಅನಿಸಿಬಿಡ್ತು. ಅದ ಮೊದಲನೇ ತಪ್ಪು.

ಮೂರು ಬಿಲ್ಲು ಮುರದೆ. ಮೊದಲನೇದು ಬಳ್ಳಾರಿ ಜಾಲಿದು, ಹಸಿ ಕೊಂಬಿ. ಮುರೀಲಿಲ್ಲ ಅದು, ಬಗ್ಗಿದ್ದು ಬಗ್ಗಿದಂಗ ಉಳೀತು. ರಮೇಶ ಅದನ್ನ ತಗೊಂಡು ಎರಡು ಮೊಳಿಗೆ ಸಿಗಿಸಿ ಟವೆಲ್ ಒಣಗಹಾಕಿದ. "ಅಕ್ಕಾ, ಇಂಥವು ಇನ್ನೆರಡು ಮಾಡು, ಅವ್ವಂದು ಸೀರಿ ಅದಾವು" ಅಂದ. ಸರಿ, ಲೆಕ್ಕಕ್ಕ ಅದನ್ನೂ ಮುರದದ್ದ ಅನ್ಕೊಳ್ರಿ. ಉಳಿದೆರಡು ಟಪ್ ಅಂತ ಎರಡು ತುಂಡಾದ್ವು.

ಕಟ್ಟಿಗಿ ಕೆತ್ತೋ ಬಾಚಿ ಛಲೋದು ಇಲ್ಲ, ಅದಕ್ಕ ಹಿಂಗ ಆಗಾಕತ್ತೈತಿ ಅನ್ಕೊಂಡು ಬ್ರೂಸ್‌ಪೇಟೆಗೆ ಹೋದೆ. ಸಂದಿಯೊಳಗ ಹಳೇ ಕಬ್ಬಿಣದ ಸಾಮಾನಿನ ಅಂಗಡಿ. ಅಂಗಡಿ ಚಾಚಾ ನನ್ನ ಮ್ಯಾಲ ಕೆಳಗ ನೋಡಿದ್ರು.

"ಬಾಚಿ ನಿನಗ್ಯಾಕ ಬೇಟೀ?"

"ಬಿಲ್ಲು ಮಾಡಾಕ ಚಾಚಾ."

"ಅರೇ, ಬಿಲ್ಲಿಗೆ ಅಂತ ಬಾಚಿ ತಗೊಂಡವರು ನಾ ಕಂಡಂಗ ಒಬ್ಬರ. ಕುರುಗೋಡಿನ ಮೌನೇಶಾಚಾರಿ. ಅವರೂ ಬಂದು ಭಾಳ ದಿನ ಆತು. ಬಾಚಿ ಒಯ್ಯಬ್ಯಾಡ, ಮೊದಲ ಅವರನ್ನ ನೋಡು. ಸುಮ್ನ ಕಾಲು ಕಡ್ಕೊಂತಿ."

ವ್ಯಾಪಾರ ಬಿಟ್ಟು ವಿಳಾಸ ಕೊಟ್ಟ ಅಂಗಡಿಯವರು ಅವರೊಬ್ಬರ. ಮುಂದಿನ ಐತವಾರ ಮುರಿದ ಒಂದು ಬಿಲ್ಲನ್ನ ಜೀನ್ಸ್ ಚೀಲಕ್ಕ ತುರುಕಿ ಕುರುಗೋಡು ಬಸ್ ಹತ್ತಿದೆ.

ಮೌನೇಶಜ್ಜ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತಿದ್ರು. ಎಪ್ಪತ್ತು ದಾಟಿದ ಮನಿಷ್ಯಾರು. ಚಕ್ಕಡಿ ಗಾಲಿ ಮಾಡಿದ ಕೈ. ಆದ್ರ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಬಗ್ಗಂಗಿಲ್ಲ, ಗರಗಸಕ್ಕ ಸಿಕ್ಕು ನರ ಹೋಗ್ಯಾವಂತ. ನನ್ನ ಮಾರಿ ನೋಡಲಿಲ್ಲ ಅವರು. ಮುರಿದ ಬಿಲ್ಲು ಇಸ್ಕೊಂಡು ಮುರಿದ ಜಾಗದಾಗ ಮೂಸಿ ನೋಡಿದ್ರು.

"ಬೆನ್ನು ಯಾಕ ಹೆರದಿ?"

"ಚಂದ ಕಾಣ್ಲಿ ಅಂತ್ರೀ."

"ನಿನ್ನ ಬೆನ್ನಿನ ತೊಗಲು ಸುಲಿದ್ರ ನೀ ಬಗ್ಗತೀಯೇನು?"

ಬಿಲ್ಲು ಎಳದಾಗ ಹೊರಗಿನ ಕಡಿ ಇರೋದು ಬೆನ್ನು, ನಮ್ಮ ಕಡಿ ಇರೋದು ಹೊಟ್ಟಿ. ತೊಗಟಿ ತಗದ ಮ್ಯಾಲ ಬೆನ್ನು ಮುಟ್ಟಂಗಿಲ್ಲ, ಕೆತ್ತೋದೆಲ್ಲಾ ಹೊಟ್ಟಿ ಕಡಿಯಿಂದ. ಐದು ವಿಡಿಯೋ ನೋಡಿದ್ರೂ ನನ್ನ ತಲಿಗೆ ಹೋಗದ್ದು ಆ ಒಂದು ಬೈಗುಳದಾಗ ಹೋತು.

ಅವರಿಗೂ ಒಂದು ಬಿಲ್ಲು ಬೇಕಾಗಿತ್ತು. ಅದನ್ನ ಅವತ್ತ ಹೇಳಿದ್ರು, ಮುಚ್ಚಿಡಲಿಲ್ಲ. ಅವರ ಓಣಿಯಾಗ ಒಂದು ಪದ್ಧತಿ. ಬನ್ನಿ ಹಬ್ಬದ ದಿನ ಸಂಜಿಕಿ ಊರ ಹೊರಗಿನ ಬನ್ನಿ ಗಿಡಕ್ಕ ಹೋಗಿ ಒಬ್ಬರು ಸೀಮಿ ಕಡಿಗೆ ಒಂದು ಅಂಬು ಬಿಡ್ತಾರ. ಅಂಬು ಬಿಟ್ಟ ಮ್ಯಾಲ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನೋದು. ಅಂಬು ಬಿಡೋರು ಪಂಪಾಪತಿ ಅಂತ, ಕರೆಂಟಿನ ಲೈನ್‌ಮನ್. ಬಿಲ್ಲು ಮಾಡಿಕೊಡೋದು ಮೌನೇಶಜ್ಜನ ಮನಿತನ, ಅವರಪ್ಪನ ಕಾಲದಿಂದ. ನಾಕು ವರ್ಷದ ಹಿಂದ ಅಜ್ಜ ಮಾಡಿದ ಬಿಲ್ಲು ಪಂಪಾಪತಿ ಕೈಯಾಗ ಮುರೀತು. ಚೂರು ಹಾರಿ ಹುಬ್ಬಿಗೆ ಬಡೀತು. ಕಣ್ಣು ಒಂದು ಬೆರಳಿನಾಗ ಉಳೀತು. ಒಳಗ ಹುಳ ತಿಂದಿತ್ತು, ಅಜ್ಜಗ ಗೊತ್ತಿರಲಿಲ್ಲ. "ಗೊತ್ತಿದ್ದೂ ಕೊಟ್ಟಾನ ಮುದುಕ" ಅಂತ ಒಬ್ಬರಿಬ್ಬರು ಅಂದ್ರು. ಅಲ್ಲಿಂದ ಬಳ್ಳಾರಿಯ ಆಟದ ಸಾಮಾನಿನ ಅಂಗಡಿಯಿಂದ ಫೈಬರ್ ಬಿಲ್ಲು ತರಾಕತ್ತಿದ್ರು. ಅಜ್ಜ ಬನ್ನಿ ಗಿಡಕ್ಕ ಹೋಗೋದ ಬಿಟ್ಟಿದ್ರು.

"ಒಂದು ಬಿಲ್ಲು" ಅಂದ್ರು ಅಜ್ಜ. "ಒಂದ ಸಲ ಅವ ನನ್ನ ಮನಿ ಬಿಲ್ಲು ಎಳೀಬೇಕು. ಆಮ್ಯಾಲ ಪ್ಲಾಸ್ಟಿಕ್ಕರ ತರ್ಲಿ, ಕಬ್ಬಿಣದ್ದರ ತರ್ಲಿ. ಕಣ್ಣು ನಂದು, ಕೈ ನಿಂದು. ಆಗ್ತೈತೇನು?"

ನಾ ಬಿಲ್ಲು ಕಲಿಯೋ ಹುಚ್ಚಿನಾಗ ಆಗ್ತೈತಿ ಅಂದೆ. ಅವರು ಎಷ್ಟು ದೊಡ್ಡದು ಕೇಳ್ಯಾರ ಅನ್ನೋದು ಆಗ ತಿಳೀಲಿಲ್ಲ.

ಕಟ್ಟಿಗಿ ಇದ್ದದ್ದು ಒಂದ. ಅವರ ಹೊಲದ ಬದುವಿನ ಕರಿಜಾಲಿ ಗಾಳಿಗೆ ಬಿದ್ದಿತ್ತು, ಅದರ ಬೊಡ್ಡಿ ಸೀಳಿ ಎರಡು ಹೋಳು ಇಟ್ಟಿದ್ರು. ಒಂದಕ್ಕ ಹುಳ ಬಿತ್ತು. ಉಳಿದದ್ದು ನನ್ನ ಮುಂದ ಹಾಕಿದ್ರು, ನನಗಿಂತ ಒಂದು ಗೇಣು ಉದ್ದ. "ಒಳಗ ಇನ್ನಾ ಹಸಿ ಐತಿ. ಕೆತ್ತಿ ತೆಳ್ಳಗ ಮಾಡಿ ನೆರಳಿಗಿಟ್ರ ಬನ್ನಿ ಹಬ್ಬಕ್ಕ ಒಣಗಬಹುದು. ಮಳಿ ಕಮ್ಮಿ ಆದ್ರ."

ಮಳಿ ಕಮ್ಮಿ ಆಗಲಿಲ್ಲ. ಬಳ್ಳಾರಿಗೆ ಬಿಸಲು ಒಂದ ಕಾಲ ಅಂತ ನಾವ ಚಾಷ್ಟಿ ಮಾಡ್ತೀವಿ, ಆದ್ರ ಆ ವರ್ಷ ಆಷಾಢದಿಂದ ಹಿಡದದ್ದು ಬಿಡಲಿಲ್ಲ. ಗುಡ್ಡದ ಬಂಡಿಗಲ್ಲೆಲ್ಲಾ ಕರ್ರಗ ಒದ್ದಿ. ಪ್ರತಿ ಐತವಾರ ಬೆಳಿಗ್ಗಿ ಮೊದಲನೇ ಬಸ್ಸಿಗೆ ಹೋಗಿ ಅಜ್ಜನ ಪಡಸಾಲಿಯೊಳಗ ಕುಂತು ಕೆತ್ತೋದು. ಅವರು ಒಂದು ಕೋಲಿನ ತುದಿಗೆ ಬಳಪ ಕಟ್ಕೊಂಡಿದ್ರು. ಕುಂತಲ್ಲಿಂದ ಕೋಲು ಚಾಚಿ ಗೆರಿ ಎಳಿಯೋರು, ನಾ ಗೆರಿತನಕ ಬಾಚಿ ಹಾಕಬೇಕು. ಗೆರಿ ದಾಟಿದ್ರ ಅದ ಕೋಲಿನಿಂದ ಮೊಣಕೈಗೆ ಒಂದು.

"ಪ್ಯಾಂಟು ಹೊಲಿಯೋ ಕೈ ಇದು. ಕಟ್ಟಿಗಿ ಇದರ ಮಾತು ಕೇಳಂಗಿಲ್ಲ."

"ಅಜ್ಜಾರ, ದಿನಾ ನಾ ಹೊಡಿಯೋ ಹೊಲಿಗಿ ನಿಮ್ಮೂರ ರಸ್ತಾಕ್ಕಿಂತ ನೆಟ್ಟಗಿರ್ತೈತಿ."

"ಹೌದೌದು. ನಮ್ಮೂರ ರಸ್ತಾ ನೆಟ್ಟಗಿದ್ದಿದ್ರ ನೀ ಇಲ್ಲಿಗೆ ಬರೋದ್ರೊಳಗ ನಿದ್ದಿ ಮಾಡ್ತಿದ್ದಿ. ಕೆತ್ತು."

ನಗ್ತಿರಲಿಲ್ಲ ಅವರು, ಹೇಳಿ ಬ್ಯಾರೆ ಕಡಿ ನೋಡೋರು. ಹೆದಿಗೆ ಏನು ಮಾಡೋದು ಅಂದಾಗ ನಾನು ಯೂನಿಟ್ಟಿನ ದಪ್ಪ ದಾರ ತಂದೆ, ಉಂಡಿ ಮುಗಿಯೋವಾಗ ಉಳಿಯೋ ತುಣುಕು. ಇಪ್ಪತ್ತು ಎಳಿ ಕೂಡಿಸಿ ಮೇಣ ತಿಕ್ಕಿ ಹುರಿ ಮಾಡಿದೆ. ಅಜ್ಜ ಕಾಲಿಗೆ ಸಿಗಿಸಿ ಎರಡೂ ಕೈಲೆ ಜಗ್ಗಿದ್ರು. ಹರೀಲಿಲ್ಲ. "ಹಿಂದಕ ನಾರು ಹೊಸಿತಿದ್ವಿ" ಅಂದ್ರು. ಅಷ್ಟ. ನಂಗ ಅವತ್ತು ಬಸ್ಸಿನಾಗ ಕುಂದ್ರಾಕ ಸೀಟು ಸಿಗಲಿಲ್ಲ, ಆದ್ರೂ ಗೊತ್ತಾಗಲಿಲ್ಲ.

ಶ್ರಾವಣ ಅರ್ಧ ಆಗೋವಾಗ ಬಿಲ್ಲಿನ ಆಕಾರ ಬಂತು. ಇನ್ನ ಒಣಗಬೇಕು. ಅಜ್ಜ ಎರಡೂ ತುದಿಗೆ ಸಗಣಿ, ಜೇಡಿಮಣ್ಣು ಕಲಸಿ ದಪ್ಪಗ ಮೆತ್ತಿದ್ರು. "ಕಟ್ಟಿಗಿ ತುದಿಯಿಂದ ಗಡಿಬಿಡಿಲೆ ಒಣಗ್ತೈತಿ, ಒಣಗಿ ಸೀಳ್ತೈತಿ. ತುದಿ ಮುಚ್ಚಿದ್ರ ನಿಧಾನಕ್ಕ ಎಲ್ಲಾ ಕಡಿಯಿಂದ ಒಣಗ್ತೈತಿ. ನನ್ನ ಅಟ್ಟ ಸೋರಾಕತ್ತೈತಿ, ನೀ ಒಯ್ದು ಇಟ್ಗ. ನೆರಳು, ಗಾಳಿ. ಮೂರನೇದು ಏನೂ ಬ್ಯಾಡ."

ಮನಿಗೆ ತಂದೆ. ಫೋನಿನಾಗ ಕಲಿತಿದ್ದೆ, ಕಟ್ಟಿಗಿ ಒಣಗಿದ್ದು ಗೊತ್ತಾಗೋದು ತೂಕದಿಂದ ಅಂತ. ತೂಕ ಇಳಿಯೋದು ನಿಂತ್ರ ಒಣಗಿತು ಅಂತ ಅರ್ಥ. ಪ್ರತಿ ಸೋಮವಾರ ಅದನ್ನ ಯೂನಿಟ್ಟಿಗೆ ಒಯ್ದು ಪಾರ್ಸೆಲ್ ತಕ್ಕಡಿ ಮ್ಯಾಲ ಇಡಾಕತ್ತಿದೆ. ಎಲ್ಲಾರೂ ಸುತ್ತ ನಿಂದ್ರೋರು, ಕೂಸಿನ ತೂಕ ನೋಡಿದಂಗ. ಒಂದು ಕಿಲೋ ನಾನೂರು. ಒಂದು ಕಿಲೋ ಮುನ್ನೂರಾ ಎಂಬತ್ತು. ಅಲ್ಲಿಂದ ವಾರಕ್ಕ ಹತ್ತು ಗ್ರಾಂ, ಐದು ಗ್ರಾಂ. ಮಳಿ ಜೋರಾದ ವಾರ ಐದು ಗ್ರಾಂ ಏರಿತ್ತು. ಹಬ್ಬಕ್ಕ ಮೂರು ವಾರ ಉಳಿದಿತ್ತು.

ಅಜ್ಜಗ ಫೋನ್ ಮಾಡಿ ಹೇಳಿದೆ. "ಒಣಗದಿದ್ರ ಇಲ್ಲ" ಅಂದ್ರು. ದನಿಯಾಗ ಏನೂ ಇರಲಿಲ್ಲ. ಅದ ನಂಗ ತಡಕೊಳ್ಳಾಕ ಆಗಲಿಲ್ಲ. ಬೈದಿದ್ರ ಸುಮ್ನ ಇರ್ತಿದ್ದೆ.

ಕರೂರಿನಾಗ ನಮ್ಮ ಸೋದರಮಾವ ಅದಾನ, ಶೇಖರಮಾವ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಾಗ ಬಾಯ್ಲರ್ ಕೆಲಸ. ಬೆಂದ ನೆಲ್ಲು ಬಿಸಿ ಗಾಳಿಗೆ ಒಣಗ್ತೈತಲ್ಲ, ಆ ಡ್ರೈಯರ್ ಬಾಜು ಒಂದು ಕೋಣಿ. ಒಳಗ ಹೋದ್ರ ಕಣ್ಣಿನ ರೆಪ್ಪಿ ಒಣಗಿದಂಗ ಆಗ್ತೈತಿ. ಮಾವಗ ಕೇಳಿದೆ.

"ಟನ್ನುಗಟ್ಲೆ ನೆಲ್ಲು ಒಂದು ಶಿಫ್ಟಿನಾಗ ಒಣಗಸ್ತೀವಿ" ಅಂದ ಮಾವ. "ನಿನ್ನ ಒಂದು ಕೋಲು ಯಾವ ಲೆಕ್ಕಲೇ? ತಾ."

ಇಲ್ಲಿ ಇನ್ನೊಂದು ಹೇಳಬೇಕು. ಹಿಂದಿನ ದಿನ ನಾ ಮ್ಯಾಲಿನ ತುದಿಗೆ ಹೆದಿ ಸಿಗಿಸೋ ಕಚ್ಚು ಹಾಕಿದ್ದೆ. ಸುಮ್ನ ಕುಂದ್ರಾಕ ಆಗದ. ಕಚ್ಚು ಹಾಕಬೇಕಂದ್ರ ಮಣ್ಣು ಅಡ್ಡ ಬಂತು, ಆ ತುದಿದು ಕೆರೆದು ತಗದೆ. ಮತ್ತ ಮೆತ್ತಬೇಕು ಅನ್ನೋದು ನೆನಪಿತ್ತು. ಮಣ್ಣು ಹುಡುಕಾಕ ಬ್ಯಾಸರಾತು.

ಬೆಳಿಗ್ಗಿ ಇಟ್ಟೆ, ಮಾವನ ಶಿಫ್ಟ್ ಮುಗಿಯೋವಾಗ ಹೊರಗ ತಂದೆ. ಮಿಲ್ಲಿನ ತಕ್ಕಡಿ ಮ್ಯಾಲ ಇಟ್ರ ಅರವತ್ತು ಗ್ರಾಂ ಇಳಿದಿತ್ತು. ಕುಣಿದೆ ನಾನು ಅಲ್ಲೇ, ಚೀಲಗಳ ನಡುವ. ಮಾವನೂ ನಕ್ಕ. ಆಮ್ಯಾಲ ಬಿಲ್ಲು ತಿರುವಿದೆ. ಮಣ್ಣು ಇದ್ದ ತುದಿ ನೆಟ್ಟಗಿತ್ತು. ಮಣ್ಣು ಇಲ್ಲದ ತುದಿಯಾಗ ಕೂದಲಿನಂಥ ಗೆರಿ, ಕಚ್ಚಿನಿಂದ ಕೆಳಗ ಒಂದು ಬೆರಳುದ್ದ. ಉಗುರು ಹಾಕಿದ್ರ ಉಗುರು ಒಳಗ ಹೋತು.

"ಏನಾತು?" ಅಂದ ಮಾವ.

"ಏನಿಲ್ಲ" ಅಂದೆ.

ಆ 'ಏನಿಲ್ಲ' ಹದಿನೈದು ದಿನ ನಡೀತು. ಗಟ್ಟಿ ಅಂಟು ತಂದು, ಕಟ್ಟಿಗಿ ಹುಡಿ ಕಲಸಿ, ಸೀಳಿಗೆ ತುಂಬಿ, ಕ್ಲ್ಯಾಂಪ್ ಹಾಕಿ ಬಿಗಿದೆ. ಮ್ಯಾಲ ಕೇಸರಿ ದಾರ ಸುತ್ತಿದೆ, ಒಂದರ ಬಾಜು ಒಂದು, ಕೈಲೆ. ಒಂದ ತುದಿಗೆ ಇದ್ರ ಅನುಮಾನ ಬರ್ತೈತಿ ಅಂತ ಕೆಳಗಿನ ತುದಿಗೂ ಸುತ್ತಿದೆ. ಹಿಡಿಕಿಗೂ ಸುತ್ತಿದೆ. ಖರೇ ಹೇಳ್ತೀನಿ, ಭಾಳ ಚಂದ ಕಂಡಿತು.

ಮುಂದಿನ ಐತವಾರ ಕುರುಗೋಡಿಗೆ ಒಯ್ದೆ. ಅಜ್ಜ ಕೈಗೆ ತಗೊಂಡು ಉಗುರಿನಿಂದ ಬಡಿದು ಕಿವಿ ಹತ್ರ ಹಿಡಿದ್ರು. "ಒಣಗೈತಿ! ಹೆಂಗ?"

"ನಮ್ದು ತಗಡಿನ ಮನಿ ಅಜ್ಜಾರ. ಕಾವು ಭಾಳ."

"ಈ ದಾರ ಏನು?"

"ಚಂದಕ್ಕ."

"ಹ್ಞೂ, ಜೀನ್ಸ್ ಹಾಕ್ಕೊಂಡೈತಿ ಬಿಲ್ಲು" ಅಂದ್ರು, ಮೊದಲನೇ ಸಲ ನಕ್ಕರು. ಮುಂದಿನ ಎರಡು ಹಲ್ಲು ಇಲ್ಲ ಅನ್ನೋದು ನಂಗ ಅವತ್ತ ಗೊತ್ತಾತು.

ಕೊನೀ ಕೆಲಸ ಗಾಜಿನ ಚೂರಿನದು. ಗ್ವಾಡಿ ಮೊಳಿಗೆ ಬಿಲ್ಲು ಸಿಗಿಸಿ ಹೆದಿ ಕೆಳಗ ಜಗ್ಗೋದು, ಎರಡೂ ತೋಳು ಒಂದ ಸಮ ಬಗ್ಗತಾವೋ ಇಲ್ಲೋ ದೂರ ನಿಂತು ನೋಡೋದು, ಬಗ್ಗದ ಜಾಗದಾಗ ಗಾಜಿನಿಂದ ಹೆರಿಯೋದು. ಹೊಟ್ಟಿ ಕಡಿಯಿಂದ ತೆಳ್ಳನ ಸುರುಳಿ ಬರ್ತಾವು. ಅಜ್ಜ "ಇಲ್ಲಿ ಮಂದ ಐತಿ, ಇಲ್ಲಿ. ಎರಡ ಸಲ. ಸಾಕು" ಅಂತ ಬಳಪದ ಕೋಲು ತೋರಿಸೋರು. ಪ್ರತಿ ಸಲ ಜಗ್ಗಿದಾಗ ನಾ ತೋಳು ನೋಡ್ತಿರಲಿಲ್ಲ, ಮ್ಯಾಲಿನ ದಾರ ನೋಡ್ತಿದ್ದೆ. ಮೊಳಿ ಮ್ಯಾಲ ಅರ್ಧಕ್ಕಿಂತ ಹೆಚ್ಚು ನಾ ಜಗ್ಗಲೇ ಇಲ್ಲ. ಪೂರ್ತಿ ಎಳಿಯೋದು ಹಬ್ಬದ ದಿನಕ್ಕ ಇರ್ಲಿ ಅಂದೆ. ಅಜ್ಜ ಅದನ್ನ ಭಕ್ತಿ ಅನ್ಕೊಂಡ್ರು.

ಹಬ್ಬದ ದಿನ ಬೆಳಿಗ್ಗಿ ಮಳಿ ಇರಲಿಲ್ಲ. ಅಜ್ಜನ ಅಂಗಳದಾಗ ಏಳೆಂಟು ಮಂದಿ. ಪಂಪಾಪತಿ ಅಣ್ಣ ಬಿಳಿ ಅಂಗಿ ಹಾಕ್ಕೊಂಡು ಬಂದಿದ್ರು, ಎಡಗಡಿ ಹುಬ್ಬಿನ ನಡುವ ಕೂದಲು ಇರಲಿಲ್ಲ. ಬಿಲ್ಲನ್ನ ಅರಿವಿ ಮ್ಯಾಲ ಇಟ್ಟು ಕುಂಕುಮ ಹಚ್ಚಿದ್ವಿ. ನಾ ಎತ್ತಿ ಕೊಡಾಕ ಹೋದೆ. ಅಜ್ಜ ಕೈ ಅಡ್ಡ ಹಿಡಿದ್ರು.

"ಹಂಗ ಕೊಡಂಗಿಲ್ಲ. ದೋಷ ಹೇಳಿ ಕೊಡಬೇಕು."

ನಂಗ ತಿಳೀಲಿಲ್ಲ.

"ಗುಣ ಹೇಳಾಕ ಅಂಗಡಿಯವರು ಅದಾರ. ನಮ್ಮಪ್ಪ ಚಕ್ಕಡಿ ಕೊಟ್ರೂ, ನೇಗಿಲ ಕೊಟ್ರೂ ಅದರಾಗ ಏನೇನು ಸರಿ ಇಲ್ಲ ಅದನ್ನ ಮಾಲಕನ ಮುಂದ ಹೇಳಿ ಕೊಡ್ತಿದ್ದ. ಎಲ್ಲಿ ಗಂಟು, ಎಲ್ಲಿ ಸೊಟ್ಟ. ಮಾಡಿದ ಕೈಯ ಹೇಳಬೇಕು. ನಾನೂ ಹಂಗ ಹೇಳಿ ಕೊಡ್ತಿದ್ದೆ. ಅವತ್ತೊಂದು ಸಲ ಗೊತ್ತಿಲ್ಲದ್ದು ಉಳೀತು." ಅಷ್ಟು ಹೇಳಿ ಪಂಪಾಪತಿ ಕಡಿ ನೋಡಲಿಲ್ಲ. "ಹೇಳು ಹುಲಿಗೆಮ್ಮ. ಮೂರಕ್ಕ ಕಮ್ಮಿ ಇರಂಗಿಲ್ಲ ಯಾವ ಸಾಮಾನಿನಾಗೂ."

ಎಲ್ಲಾರೂ ನನ್ನ ಕಡಿ ತಿರುಗಿದ್ರು. ಬಿಲ್ಲು ಎತ್ಕೊಂಡೆ.

"ಒಂದನೇದು, ಹಿಡಿಕಿ ಕೆಳಗ ಒಂದು ಗಂಟು ಐತ್ರಿ. ಗಟ್ಟಿ ಗಂಟು, ಬಗ್ಗೋ ಜಾಗದಾಗ ಇಲ್ಲ."

ಪಂಪಾಪತಿ ಅಣ್ಣ ಬೆರಳಿಟ್ಟು ನೋಡಿ ಗೋಣು ಹಾಕಿದ್ರು.

"ಎರಡನೇದು, ಕೆಳಗಿನ ತೋಳು ಒಂದು ಎಳ್ಳಿನಷ್ಟು ಎಡಕ್ಕ ಸೊಟ್ಟ ಐತಿ. ಅಂಬು ಎಡಕ್ಕ ಹೋಗ್ತೈತಿ."

"ಎಡಕ್ಕ ಹೋದ್ರ ಹೋಗ್ಲಿ ಬಿಡು, ಅಲ್ಲಿ ನಮ್ಮ ಮಾವನ ಹೊಲ ಐತಿ" ಅಂದ್ರು ಅವರು. ನಕ್ಕರು ಎಲ್ಲಾರೂ.

ಮೂರನೇದಕ್ಕ ನನ್ನ ಹತ್ರ ಒಂದು ತಯಾರಿತ್ತು. ಹೆದಿ ಜೀನ್ಸ್ ದಾರದ್ದು, ನಾರಿಂದಲ್ಲ, ಅಂತ ಹೇಳಬಹುದಿತ್ತು. ಅದೂ ಸುಳ್ಳಲ್ಲ. ಬಾಯಿಗೆ ಬಂದಿತ್ತು. ಅಜ್ಜನ ಕಡಿ ನೋಡಿದೆ, ಇಸ್ತ್ರಿ ಮಾಡಿದ ಧೋತರ ಉಟ್ಟಿದ್ರು, ಸಂಜಿಕಿ ಬನ್ನಿ ಗಿಡಕ್ಕ ಹೋಗಾಕ ಅಂತ ಬೆಳಿಗ್ಗಿನ ಉಟ್ಟಿದ್ರು. ಪಂಪಾಪತಿ ಅಣ್ಣನ ಕಡಿ ನೋಡಿದೆ. ಬಿಲ್ಲು ಪೂರ್ತಿ ಎಳದಾಗ ಮ್ಯಾಲಿನ ತುದಿ ಎಲ್ಲಿ ಬರ್ತೈತಿ ಅನ್ನೋದು ನಂಗ ಅಳತಿ ಸಮೇತ ಗೊತ್ತಿತ್ತು. ಕಣ್ಣಿಗೆ ಒಂದು ಮೊಳ ದೂರ.

"ಮೂರನೇದು ಮ್ಯಾಲಿನ ತುದಿಗೆ ಸೀಳು ಐತ್ರಿ. ಬೆರಳುದ್ದ. ದಾರದ ಕೆಳಗ. ಅಂಟು ಹಾಕೀನಿ."

ನಗು ನಿಂತಿತು. ಅಜ್ಜ ಕೇಳಿದ್ರು, "ಯಾವಾಗಿಂದು?"

"ಮಿಲ್ಲಿನಾಗ ಒಣಗಸಿದೆ ಅಜ್ಜಾರ. ಸಿರುಗುಪ್ಪದಾಗ. ತುದಿ ಮಣ್ಣು ತಗದಿದ್ದೆ."

"ತಗಡಿನ ಮನಿ?"

"ಸುಳ್ಳು."

ಪಂಪಾಪತಿ ಅಣ್ಣ ಬಿಲ್ಲು ಇಸ್ಕೊಂಡು, ದಾರದ ಮ್ಯಾಲ ಹೆಬ್ಬೆರಳು ಆಡಿಸಿ, ಎರಡೂ ಕೈಲೆ ಅಜ್ಜನ ಮುಂದ ಅರಿವಿ ಮ್ಯಾಲ ಇಟ್ರು. "ಬ್ಯಾಡ್ರಿ ಆಚಾರ್ರ" ಅಂದ್ರು. ಸಿಟ್ಟಿಲೆ ಅಲ್ಲ. ಹಿಂದಿದ್ದ ಒಬ್ಬರು "ನಡೀರಿ, ಪ್ಲಾಸ್ಟಿಕ್ಕಿಂದು ಮನ್ಯಾಗ ಐತಿ" ಅಂದ್ರು. ಚಪ್ಪಲಿ ಹಾಕ್ಕೊಳ್ಳೋ ಸಪ್ಪಳ ಆತು, ಅಂಗಳ ಖಾಲಿ ಆತು. ಅಜ್ಜ ಸಂಜಿಕಿ ಬನ್ನಿ ಗಿಡಕ್ಕ ಹೋಗಲಿಲ್ಲ. ನಾಕನೇ ವರ್ಷ.

ಇನ್ನ ಒಂದು ಉಳಿದೈತಿ. ಅವರೆಲ್ಲಾ ಹೋದ ಮ್ಯಾಲ ಅಜ್ಜ ನನ್ನ ಹಿತ್ತಲಕ್ಕ ಕರೆದ್ರು. ತಾವು ಗ್ವಾಡಿ ಮರಿಗೆ ನಿಂತ್ರು. "ತಲಿಗೆ, ಮಾರಿಗೆ ಟವೆಲ್ ಸುತ್ಕ. ತೋಳು ಉದ್ದ ಚಾಚಿ ಮಾರಿ ದೂರ ಇಟ್ಟು ಎಳಿ. ಪೂರ್ತಿ."

ಎಳದೆ. ಮುರೀಲಿಲ್ಲ.

"ಇನ್ನೊಮ್ಮೆ."

ಮುರೀಲಿಲ್ಲ. ಹತ್ತು ಸಲ ಎಳದೆ, ಇಪ್ಪತ್ತು ಸಲ. ಅಂಬು ಇಟ್ಟು ಬಿಡು ಅಂದ್ರು, ಬಿಟ್ಟೆ, ಎಡಕ್ಕ ಹೋಗಿ ಬೇಲಿ ದಾಟಿತು. ಭುಜ ನಡುಗಾಕತ್ತಿತು. "ಇನ್ನೊಮ್ಮೆ" ಅಂದ್ರು ಅಜ್ಜ, ಈ ಸಲ ಗ್ವಾಡಿ ಬಿಟ್ಟು ಮುಂದ ಬಂದು ನಿಂತಿದ್ರು. ಮುರದಿದ್ರ ಛಲೋ ಇತ್ತು ಅನಿಸ್ತು ನಂಗ. ಟಪ್ ಅಂದು ಎರಡು ತುಂಡಾಗಿದ್ರ ನಾ ಹೇಳಿದ್ದಕ್ಕ ಒಂದು ಅರ್ಥ ಇರ್ತಿತ್ತು, ಯಾರದೋ ಕಣ್ಣು ಉಳಿಸಿದೆ ಅಂತ ಬಸ್ಸಿನಾಗ ಹೇಳ್ಕೊಂತ ಹೋಗ್ತಿದ್ದೆ. ಅದು ಮುರೀಲೇ ಇಲ್ಲ. ನಾ ಬಾಯಿ ಮುಚ್ಕೊಂಡಿದ್ರ ಅಂಬು ಹೋಗ್ತಿತ್ತು, ಅಜ್ಜ ಬನ್ನಿ ಇಸ್ಕೊಂಡು ಬರ್ತಿದ್ರು, ಯಾರಿಗೂ ಏನೂ ಆಗ್ತಿರಲಿಲ್ಲ.

ಅಜ್ಜ ಬಿಲ್ಲು ಇಸ್ಕೊಂಡು ಹೆದಿ ಬಿಚ್ಚಿದ್ರು. "ಬಸ್ಸಿಗೆ ಹೊತ್ತಾತು" ಅಂದ್ರು.

ಒಂದು ತಿಂಗಳು ಫೋನ್ ಇಲ್ಲ. ನಾನೂ ಮಾಡಲಿಲ್ಲ. ಐತವಾರ ಮನಿಯಾಗ ಇದ್ದದ್ದು ನೋಡಿ ಅವ್ವಗ ನನ್ನ ಮ್ಯಾಲ ಅನುಮಾನ ಬಂತು. "ಜ್ವರ ಬಂದಾವೇನು?" ಅಂದ್ಲು. ಶೇಖರಮಾವ ಒಮ್ಮೆ ಬಂದಾಗ ಎಲ್ಲಾ ಹೇಳಿದೆ. ಆಮ್ಯಾಲ ಕರೂರಿನ ಅವನ ಹೊಲದ ಬದುವಿನಾಗ ಕರಿಜಾಲಿ ದಪ್ಪ ಟೊಂಗಿ ಮುರದು ಬಿದ್ದೈತಿ, ನೆಟ್ಟಗ ಐತಿ, ಬೇಕಾದ್ರ ಒಯ್ಯಿ ಅಂದ. ಮಿಲ್ಲಿಗೆ ಮಾತ್ರ ತರಬ್ಯಾಡಲೇ ಅಂದ.

ದೀಪಾವಳಿ ಆಗಿ ಒಂದು ವಾರಕ್ಕ ಅಜ್ಜನ ಫೋನ್ ಬಂತು. "ಬಾ" ಅಂದು ಇಟ್ರು.

ಹೋದ್ರ ಕಟ್ಟಿ ಮ್ಯಾಲ ಪಂಪಾಪತಿ ಅಣ್ಣ ಕುಂತಿದ್ರು, ಚಾ ಕುಡ್ಕೊಂತ. ನಂಗ ಒಳಗ ಹೋಗಬೇಕೋ ತಿರುಗಿ ಹೋಗಬೇಕೋ ತಿಳೀಲಿಲ್ಲ.

"ಬಾರವ್ವಾ, ಕುಂದ್ರು" ಅಂದ್ರು ಅವರು. "ಆಚಾರ್ರಿಗೆ ಅದನ್ನ ಹೇಳಾಕತ್ತಿದ್ದೆ. ಈ ಸಲ ಗಿಡದ ಹತ್ರ ಆ ಪ್ಲಾಸ್ಟಿಕ್ ಬಿಲ್ಲು ಎಳಿಯೋವಾಗ ನಾ ಕಣ್ಣು ಮುಚ್ಚಿದೆ. ನಾಕು ವರ್ಷದಿಂದ ಮುಚ್ಚಾಕತ್ತೀನಿ, ಯಾರಿಗೂ ಹೇಳಿಲ್ಲ. ಅಂಗಡಿಯವ ಬಣ್ಣ ಯಾವುದು ಬೇಕು ಅಂತ ಕೇಳಿದ, ಮೂರು ಬಣ್ಣ ತೋರಿಸಿದ. ದೋಷ ಒಂದೂ ಹೇಳಲಿಲ್ಲ. ಅದರಾಗ ಏನೈತೋ ಯಾವಾಗ ಸಿಡಿತೈತೋ ನಂಗೇನು ಗೊತ್ತು? ನಿಮ್ಮದರಾಗ ಎಲ್ಲಿ ಸೀಳು ಐತಿ ಅಂತ ಗೊತ್ತಿತ್ತು." ಚಾ ಲೋಟ ಕೆಳಗಿಟ್ರು. "ಮುಂದಿನ ಹಬ್ಬಕ್ಕ ಒಂದು ಮಾಡಿಕೊಡ್ರಿ ಅಂತ ಬಂದೀನಿ. ಈಕಿನ ಮಾಡ್ಲಿ, ಈಕಿನ ಹೇಳಿ ಕೊಡ್ಲಿ."

ನಾ ಅಜ್ಜನ ಮಾರಿ ನೋಡಿದೆ. ನಾಕು ವರ್ಷ ಕಾದ ಮಾತು ಮನಿ ಕಟ್ಟಿಗೆ ಬಂದು ಕುಂತಿತ್ತು.

"ಕಟ್ಟಿಗಿ ಐತಿ ಅಜ್ಜಾರ" ಅಂದೆ ಗಡಿಬಿಡಿಲೆ, "ಕರೂರಿನಾಗ, ನಮ್ಮ ಮಾವನ ಹೊಲದಾಗ, ನೆಟ್ಟನ್ನ ಕರಿಜಾಲಿ. ಯಾವಾಗ ಬಿದ್ದೈತಿ ಅಂದ್ರ ಹೋದ ತಿಂಗಳ."

"ಹಂಗಾರ ಹಸಿ" ಅಂದ್ರು ಅಜ್ಜ. ಪಂಪಾಪತಿ ಕಡಿ ತಿರುಗಿದ್ರು. "ಮುಂದಿನ ಹಬ್ಬಕ್ಕ ಆಗಂಗಿಲ್ಲ. ಅದರ ಮುಂದಿನದಕ್ಕ ಬಾ."

"ಅಷ್ಟೊತ್ತಿಗೆ ನೀವು..." ಅಂದು ಪಂಪಾಪತಿ ಅಣ್ಣ ಅರ್ಧಕ್ಕ ನಿಲ್ಲಿಸಿದ್ರು.

"ನಾ ಇಲ್ಲದಿದ್ರ ಈಕಿ ಇರ್ತಾಳ. ಕಟ್ಟಿಗಿ ಒಣಗಬೇಕಲ್ಲ" ಅಂದ್ರು ಅಜ್ಜ. ಕೋಲು ಎತ್ತಿ ನನ್ನ ಮೊಣಕೈಗೆ ಮೆಲ್ಲಕ ಒಂದು ಕೊಟ್ರು. "ಮಣ್ಣು ಕಲಸ್ಕೊಂಡು ಬಾ ಹೋಗು. ದಪ್ಪಗ."

ಆ ಟೊಂಗಿ ಸೀಳಿದ ಹೋಳು ಈಗ ನಮ್ಮ ಮನಿ ತೊಲಿ ಕೆಳಗ ತೂಗಾಕತ್ತೈತಿ, ಎರಡೂ ತುದಿಗೆ ಮಣ್ಣು. ಈ ಸೋಮವಾರದ ತೂಕ ಹೋದ ಸೋಮವಾರಕ್ಕಿಂತ ಹದಿನೈದು ಗ್ರಾಂ ಕಮ್ಮಿ. ಇನ್ನೂ ಇಳಿಯಾಕತ್ತೈತಿ. ಈ ವರ್ಷದ ಅಂಬು ಅಂಗಡಿ ಬಿಲ್ಲಿಂದ ಹೋಗ್ತೈತಿ, ಪಂಪಾಪತಿ ಅಣ್ಣ ಇನ್ನೊಮ್ಮೆ ಕಣ್ಣು ಮುಚ್ಚಬೇಕು. ಮೊನ್ನೆ ಸಿರುಗುಪ್ಪದಾಗ ಇಳಿದದ್ದು ಮಾವಗ ಮಳಿಗಾಲದ ಉಪ್ಪಿನಕಾಯಿ ಕೊಡಾಕ, ಬ್ಯಾರೇನೂ ಕೈಯಾಗ ಇರಲಿಲ್ಲ. ನಂಬ್ರಿ.

ಇಲ್ಲೀತನಕ ಓದಿದವರು ಒಂದು ಕೆಲಸ ಮಾಡ್ರಿ. ನೀವು ಕೈಯಾರೆ ಮಾಡಿದ್ದು ಏನರ ಇರ್ತೈತಿ, ರೊಟ್ಟಿ ಇರ್ಲಿ, ಕುಪ್ಪಸ ಇರ್ಲಿ, ಗ್ವಾಡಿ ಇರ್ಲಿ, ಅದರ ದೋಷ ಬಾಯಿಬಿಟ್ಟು ಹೇಳಿ ಕೊಟ್ಟೀರೇನು ಎಂದಾದ್ರೂ? ಇಲ್ಲಾ ದಾರ ಸುತ್ತಿ ಕೊಟ್ಟೀರೇನು? ಎರಡರಾಗ ಯಾವುದಾದ್ರೂ ಸರಿ, ಕೆಳಗ ಬರೀರಿ. ಸುತ್ತಿ ಕೊಟ್ಟವರು ಮೊದಲ ಬರೀರಿ, ನಾನೂ ಹದಿನೈದು ದಿನ ನಿಮ್ಮ ಸಾಲಿನಾಗ ನಿಂತಿದ್ದೆ.